ಸ್ಪೀಕರು ಏಕೆ ಸುಡುತ್ತದೆ?

ಶಾಲೆಯ ವಾರ್ಷಿಕೋತ್ಸವವಾಗಲಿ, ಕಾಲೇಜಿನ ನಾಟಕವಾಗಲಿ, ಊರ ಜಾತ್ರೆಯಾಗಲಿ, ಧ್ವನಿವರ್ಧಕದ ನೆರವಿಲ್ಲದೆ ಈಗ ನಡೆಯುವುದಿಲ್ಲ. ಅದರ ಗುಂಡಿಗಳ ಮುಂದೆ ಕುಳಿತಿರುವವರು ಅನೇಕ ವೇಳೆ ವಿದ್ಯಾರ್ಥಿಗಳೇ ಆಗಿರುತ್ತಾರೆ. ಕಾರ್ಯಕ್ರಮ ಮುಗಿಯುವ ಮೊದಲೇ ಸ್ಪೀಕರು ಒಡಕುದನಿಯಲ್ಲಿ ನರಳಿ ಮೌನವಾದರೆ ಎಲ್ಲರ ಕಣ್ಣೂ ಅವರತ್ತ ತಿರುಗುತ್ತದೆ. 'ಯಂತ್ರ ದೊಡ್ಡದಾಯಿತು, ಚಿಕ್ಕದನ್ನು ತರಬೇಕಾಗಿತ್ತು' ಎಂದು ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ. ಮುಂದಿನ ವರ್ಷ ಚಂದಾ ಎತ್ತಿ ಹೊಸ ಸ್ಪೀಕರನ್ನೂ ಅದಕ್ಕೆ ಚಿಕ್ಕ ಯಂತ್ರವನ್ನೂ ತಂದರೆ, ಆ ಸ್ಪೀಕರೂ ಸುಡುವುದುಂಟು.

ಇಂಥದೊಂದು ಪೆಟ್ಟಿಗೆಯನ್ನು ಕೆಲವು ವಿದ್ಯಾರ್ಥಿಗಳು ನಮ್ಮ ಪ್ರಯೋಗಶಾಲೆಗೆ ಹೊತ್ತು ತಂದಿದ್ದರು. ಪೆಟ್ಟಿಗೆಯ ಬೆನ್ನಿನ ಮೇಲೆ ೧೦೦ ವಾಟ್ ಎಂದು ಬರೆದಿತ್ತು. ಅದನ್ನು ನುಡಿಸಿದ ಯಂತ್ರದ ಸಾಮರ್ಥ್ಯ ೫೦ ವಾಟ್. ನೂರನ್ನು ತಡೆಯಬಲ್ಲದ್ದು ಐವತ್ತಕ್ಕೆ ಸುಟ್ಟಿತೆಂದರೆ ಅಂಕಗಣಿತವೇ ತಪ್ಪಬೇಕಲ್ಲವೆ ಎಂಬುದು ಅವರ ಪ್ರಶ್ನೆ. ಬಿಚ್ಚಿ ನೋಡಿದಾಗ ದೊಡ್ಡ ಸ್ಪೀಕರು ಸುಸ್ಥಿತಿಯಲ್ಲಿತ್ತು. ಚಿಕ್ಕದರ ತಂತಿ ಮಾತ್ರ ಕರಿಕಾಗಿ ತುಂಡಾಗಿತ್ತು. ಇದಕ್ಕೆ ಕಾರಣವೇನೆಂಬುದನ್ನು ತಿಳಿದರೆ, ಎಷ್ಟು ವಾಟಿನ ಯಂತ್ರಕ್ಕೆ ಎಷ್ಟು ವಾಟಿನ ಸ್ಪೀಕರು ಒಪ್ಪುತ್ತದೆಂಬುದೂ ತಿಳಿಯುತ್ತದೆ.

ಮೊದಲು ಮಾತಿನ ಗೊಂದಲವೊಂದನ್ನು ಕಳೆದುಕೊಳ್ಳೋಣ. ನಮ್ಮ ವಾಡಿಕೆಯಲ್ಲಿ 'ಧ್ವನಿವರ್ಧಕ' ಎಂಬ ಒಂದೇ ಪದ ಆಂಪ್ಲಿಫೈಯರಿಗೂ ಸ್ಪೀಕರಿಗೂ ಸಲ್ಲುತ್ತದೆ. ಈ ಲೇಖನದಲ್ಲಿ ನಾವು ಆಂಪ್ಲಿಫೈಯರನ್ನು ವರ್ಧಕವೆಂದೂ, ಸದ್ದು ಹೊರಡಿಸುವ ಉಪಕರಣವನ್ನು ಸ್ಪೀಕರೆಂದೂ ಕರೆಯುತ್ತೇವೆ. ಮೈಕಿನಿಂದ ಬಂದ ಕ್ಷೀಣವಾದ ವಿದ್ಯುತ್ಸಂಕೇತವನ್ನು ಬಲಪಡಿಸುವುದು ವರ್ಧಕದ ಕೆಲಸ; ಆ ವಿದ್ಯುತ್ತನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವುದು ಸ್ಪೀಕರಿನ ಕೆಲಸ.

ಸ್ಪೀಕರಿನ ರಚನೆ ಸರಳವಾದದ್ದು. ಬಲವಾದ ಅಯಸ್ಕಾಂತವೊಂದರ ಇಕ್ಕಟ್ಟಾದ ಸಂದಿನಲ್ಲಿ ತೆಳುವಾದ ತಂತಿಯ ಸುರುಳಿಯೊಂದು ತೂಗಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಕಾಂತಕ್ಷೇತ್ರವು ಅದನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತದೆ. ಸುರುಳಿಗೆ ಅಂಟಿಸಿದ ಕಾಗದದ ಶಂಕು ಅದರೊಡನೆ ಚಲಿಸಿ ಗಾಳಿಯನ್ನು ಅಲುಗಿಸುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು ೧೯೨೫ರಲ್ಲಿ ಈ ಬಗೆಯ ಸ್ಪೀಕರನ್ನು ವಿವರಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಇಂದಿನ ಸ್ಪೀಕರುಗಳಲ್ಲಿ ಬಹುಪಾಲು ಅದೇ ಮಾದರಿಯ ಸಂತತಿ. ಅವರು ತಮ್ಮ ಸ್ಪೀಕರಿಗಾಗಿ ಕಟ್ಟಿದ ವರ್ಧಕದ ಸಾಮರ್ಥ್ಯ ಒಂದು ವಾಟ್! ಅಂದಿನ ಜನಕ್ಕೆ ಅದೇ ಅಬ್ಬರವಾಗಿತ್ತು.

ಈ ಯಂತ್ರದಲ್ಲಿ ಒಂದು ದೊಡ್ಡ ದೋಷವಿದೆ. ಅದಕ್ಕೆ ಕೊಟ್ಟ ವಿದ್ಯುಚ್ಛಕ್ತಿಯಲ್ಲಿ ಸದ್ದಾಗಿ ಹೊರಬರುವುದು ಅತ್ಯಲ್ಪ. ಮನೆಯಲ್ಲಿ ಬಳಸುವ ಸಾಧಾರಣ ಸ್ಪೀಕರಿನಲ್ಲಿ ಅದು ನೂರಕ್ಕೆ ಒಂದು ಪಾಲಿನಷ್ಟಿರುತ್ತದೆ. ಕಹಳೆಯಂಥ ಹಾರ್ನ್ ಜೋಡಿಸಿದ ಸ್ಪೀಕರುಗಳು ಇದಕ್ಕಿಂತ ಎಷ್ಟೋ ಮೇಲು. ಆದರೂ ಅವುಗಳಲ್ಲಿ ಕೂಡ ಹೆಚ್ಚಿನ ಪಾಲು ನಷ್ಟವೇ. ಉಳಿದದ್ದೆಲ್ಲ ಶಾಖ. ಸ್ಪೀಕರಿಗೆ ೫೦ ವಾಟ್ ಕೊಟ್ಟರೆ ಸುಮಾರು ೪೯ ವಾಟ್ ಶಾಖವು ಕೂದಲಿನಷ್ಟು ತೆಳುವಾದ ತಂತಿಯಲ್ಲಿ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಕಾಯಿಲಿನ ಸಾಮರ್ಥ್ಯ ೨೫ ವಾಟ್ ಎಂಬುದನ್ನು ನೆನೆದರೆ ಇದರ ಪ್ರಮಾಣ ಅರಿವಾದೀತು. ಶಾಖವು ಸಂದಿನ ಗಾಳಿಯನ್ನು ದಾಟಿ ಕಬ್ಬಿಣಕ್ಕೂ ಅಯಸ್ಕಾಂತಕ್ಕೂ ಸೇರಿ ಅಲ್ಲಿಂದ ಹೊರಗೆ ಹೋಗಬೇಕು. ಹುಟ್ಟುವ ಶಾಖವು ಹೋಗುವ ಶಾಖವನ್ನು ಮೀರಿದರೆ ತಂತಿಯ ಉಷ್ಣತೆ ಏರುತ್ತದೆ, ಅಂಟು ಮೆತ್ತಗಾಗುತ್ತದೆ, ತಂತಿಯ ಮೇಲಿನ ನಿರೋಧಕ ಲೇಪ ಕರಿಯಾಗುತ್ತದೆ, ಸುತ್ತುಗಳು ಸಡಿಲಿ ಸಂದಿನ ಗೋಡೆಗೆ ಉಜ್ಜುತ್ತವೆ. ಕೊನೆಗೆ ತಂತಿ ಕಡಿಯುತ್ತದೆ.

ಹಾಗಾದರೆ ಪೆಟ್ಟಿಗೆಯ ಮೇಲೆ ಬರೆದ ೧೦೦ ವಾಟ್ ಎಂಬುದರ ಅರ್ಥವೇನು? ಅದು ಸ್ಪೀಕರು ಕೊಡುವ ಸದ್ದಿನ ಅಳತೆ ಅಲ್ಲ. ಅದು ತಡೆದುಕೊಳ್ಳಬಲ್ಲ ಶಾಖದ ಅಳತೆ. ತಯಾರಕರು ಮಂದ್ರದಿಂದ ತಾರದವರೆಗಿನ ಕಂಪನಗಳೆಲ್ಲ ಬೆರೆತ ಒಂದು ಬಗೆಯ ಮೊರೆತವನ್ನು ಸ್ಪೀಕರಿಗೆ ಬಿಟ್ಟು ಪರೀಕ್ಷಿಸುತ್ತಾರೆ. ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿ ೧೯೮೪ರಲ್ಲಿ ಗೊತ್ತುಮಾಡಿದ ವಿಧಾನದಲ್ಲಿ ಈ ಪರೀಕ್ಷೆ ಎರಡು ಗಂಟೆಯ ಕಾಲ ನಡೆಯುತ್ತದೆ. ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗದ ವಿಧಾನದಲ್ಲಿ ನೂರು ಗಂಟೆ. ಅಷ್ಟು ಹೊತ್ತು ಕೆಡದೆ ಉಳಿದ ಸರಾಸರಿ ಸಾಮರ್ಥ್ಯವೇ ನಿರಂತರ ಸಾಮರ್ಥ್ಯ. ವ್ಯಾಪಾರದ ಕಾಗದಗಳಲ್ಲಿ ಇದರ ಎರಡರಷ್ಟನ್ನು 'ಪ್ರೋಗ್ರಾಂ' ಎಂದೂ ನಾಲ್ಕರಷ್ಟನ್ನು 'ಪೀಕ್' ಎಂದೂ ಬರೆಯುವ ರೂಢಿಯಿದೆ. ಒಂದೇ ಸ್ಪೀಕರು ನೂರು, ಇನ್ನೂರು, ನಾನೂರು ವಾಟುಗಳ ಮೂರು ಹೆಸರು ಹೊತ್ತಿರಬಹುದಾದುದರಿಂದ, ಕೊಳ್ಳುವವರು ನಿರಂತರ ಸಾಮರ್ಥ್ಯ ಯಾವುದೆಂದೇ ಕೇಳಬೇಕು.

ಇನ್ನು ಸಂಗೀತದ ಸ್ವರೂಪವನ್ನು ನೋಡೋಣ. ಮೃದಂಗದ ಮೇಲೆ ಬೆರಳು ಬಿದ್ದ ಕ್ಷಣದಲ್ಲಿ ವಿದ್ಯುತ್ತಿನ ಅಲೆ ಎತ್ತರಕ್ಕೆ ಚಿಮ್ಮಿ ಮರುಕ್ಷಣದಲ್ಲಿ ಇಳಿದುಬಿಡುತ್ತದೆ. ವೀಣೆಯ ಮೀಟಿನಲ್ಲಿಯೂ ಹಾಗೆಯೇ. ಮಾತಿನಲ್ಲಂತೂ ಪದಪದಕ್ಕೂ ನಡುವೆ ಬಿಡುವಿದೆ. ಇದರಿಂದಾಗಿ ಸಂಗೀತದ ಶಿಖರಗಳ ಸಾಮರ್ಥ್ಯವು ಅದರ ಸರಾಸರಿ ಸಾಮರ್ಥ್ಯದ ಹತ್ತರಿಂದ ನೂರು ಪಟ್ಟು ಇರುತ್ತದೆ. ವರ್ಧಕದ ಮೇಲೆ ಬರೆದ ವಾಟುಗಳು ಸೈನ್ ತರಂಗವನ್ನು ಕುರಿತವು. ಆ ತರಂಗದ ಶಿಖರಸಾಮರ್ಥ್ಯ ಸರಾಸರಿಯ ಎರಡರಷ್ಟು ಮಾತ್ರ. ೫೦ ವಾಟಿನ ವರ್ಧಕವು ಕ್ಷಣಮಾತ್ರಕ್ಕೆ ೧೦೦ ವಾಟನ್ನು ಮುಟ್ಟುತ್ತದೆ. ಆ ಶಿಖರವನ್ನು ಮೀರದಂತೆ ಸಂಗೀತವನ್ನು ನುಡಿಸಿದರೆ ಸ್ಪೀಕರಿಗೆ ಬೀಳುವ ಸರಾಸರಿ ಹೊರೆ ಹತ್ತು ವಾಟ್. ಏರಿಳಿತ ಹೆಚ್ಚಾಗಿರುವ ಸಂಗೀತವಾದರೆ ಒಂದೇ ವಾಟ್. ಈ ಸ್ಥಿತಿಯಲ್ಲಿ ನಮ್ಮ ಪೆಟ್ಟಿಗೆ ವರ್ಷಗಟ್ಟಲೆ ಬಾಳುತ್ತಿತ್ತು.

ಆದರೆ ಸಭಿಕರು 'ಕೇಳಿಸುವುದಿಲ್ಲ' ಎಂದು ಕೂಗುತ್ತಾರೆ, ಗುಂಡಿ ತಿರುಗುತ್ತದೆ. ವರ್ಧಕವು ತನ್ನೊಳಗಿನ ವಿದ್ಯುತ್ ಸರಬರಾಜಿನ ವೋಲ್ಟೇಜನ್ನು ಮೀರಿ ಏನನ್ನೂ ಕೊಡಲಾರದು. ಅಲೆಯ ಶಿಖರ ಆ ಮಿತಿಗೆ ತಾಗಿದೊಡನೆ, ಅದರ ತಲೆಯನ್ನು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದನ್ನು ಎಂಜಿನಿಯರುಗಳು ಕ್ಲಿಪ್ಪಿಂಗ್ ಎನ್ನುತ್ತಾರೆ. ನಾವು ಶಿಖರಚ್ಛೇದವೆಂದು ಕರೆಯಬಹುದು. ಗುಂಡಿಯನ್ನು ಇನ್ನೂ ತಿರುಗಿಸಿದರೆ ಶಿಖರಗಳು ಬೆಳೆಯುವುದಿಲ್ಲ. ಅವುಗಳ ನಡುವಿನ ಕಣಿವೆಗಳು ತುಂಬುತ್ತ ಬರುತ್ತವೆ. ಸರಾಸರಿ ಏರುವುದು ಹೀಗೆ.

ಇದರ ಕೊನೆಯ ಎಲ್ಲೆಯನ್ನು ಲೆಕ್ಕ ಮಾಡಿ ನೋಡೋಣ. ೮ ಓಮ್ ಸ್ಪೀಕರಿಗೆ ೫೦ ವಾಟ್ ಕೊಡಲು ಸೈನ್ ತರಂಗದ ಪರಿಣಾಮಕಾರಿ ವೋಲ್ಟೇಜ್ ೨೦ ಇರಬೇಕು. ೨೦ರ ವರ್ಗವನ್ನು ೮ರಿಂದ ಭಾಗಿಸಿದರೆ ೫೦ ಬರುತ್ತದೆ. ಈ ತರಂಗದ ಶಿಖರ ೨೮.೩ ವೋಲ್ಟ್. ಅತಿಯಾಗಿ ಕತ್ತರಿಸಲ್ಪಟ್ಟ ಅಲೆಯು ಚೌಕ ತರಂಗವನ್ನು ಸಮೀಪಿಸುತ್ತದೆ. ಅದು ಯಾವಾಗಲೂ ಮೇಲಿನ ೨೮.೩ರಲ್ಲಿಯೋ ಕೆಳಗಿನ ೨೮.೩ರಲ್ಲಿಯೋ ನಿಂತಿರುತ್ತದೆ. ಇದರ ವರ್ಗವನ್ನು ೮ರಿಂದ ಭಾಗಿಸಿದರೆ ೧೦೦. ಅಂದರೆ ೫೦ ವಾಟಿನ ವರ್ಧಕವು ಬಲವಂತಕ್ಕೆ ಸಿಕ್ಕಿದಾಗ ೧೦೦ ವಾಟನ್ನು ಎಡೆಬಿಡದೆ ಸುರಿಯಬಲ್ಲದು. ವಿದ್ಯಾರ್ಥಿಗಳ ಅಂಕಗಣಿತದಲ್ಲಿದ್ದ ಮೊದಲ ತೊಡಕು ಇದು.

ಎರಡನೆಯ ತೊಡಕು ಇನ್ನೂ ಸ್ವಾರಸ್ಯವಾದುದು. ಪೆಟ್ಟಿಗೆಯೊಳಗೆ ಎರಡು ಸ್ಪೀಕರುಗಳಿದ್ದುವು. ಮಂದ್ರ ಸ್ವರಗಳಿಗಾಗಿ ಇರುವ ದೊಡ್ಡದಕ್ಕೆ ವೂಫರ್ ಎಂದೂ, ತಾರ ಸ್ವರಗಳಿಗಾಗಿ ಇರುವ ಚಿಕ್ಕದಕ್ಕೆ ಟ್ವೀಟರ್ ಎಂದೂ ಹೆಸರು. ಕ್ರಾಸ್‌ಓವರ್ ಎಂಬ ವಿದ್ಯುನ್ಮಂಡಲವು ಕಂಪನಗಳನ್ನು ಬೇರ್ಪಡಿಸಿ ಅವರವರ ಪಾಲನ್ನು ಅವರವರಿಗೆ ಹಂಚುತ್ತದೆ. ಸಾಮಾನ್ಯ ಸಂಗೀತದಲ್ಲಿ ತಾರಭಾಗಕ್ಕೆ ಸೇರುವ ಶಕ್ತಿ ಬಹಳ ಕಡಮೆ. ತಯಾರಕರು ಇದನ್ನೇ ನಂಬಿ ಟ್ವೀಟರಿನ ಸುರುಳಿಯನ್ನು ಹಗುರವಾಗಿ ಮಾಡುತ್ತಾರೆ. ಹಗುರವಾಗಿರದಿದ್ದರೆ ಅದು ಸೆಕೆಂಡಿಗೆ ಹತ್ತು ಸಾವಿರ ಸಲ ಅಲುಗಾಡಲಾರದು. ಪೆಟ್ಟಿಗೆಯ ಮೇಲಿನ ೧೦೦ ವಾಟ್ ಇಡೀ ಸಂಸಾರದ ಲೆಕ್ಕ. ಟ್ವೀಟರ್ ಒಂದೇ ತಡೆಯುವುದು ಅನೇಕ ವೇಳೆ ಹತ್ತು ವಾಟಿನೊಳಗೇ.

ಚೌಕ ತರಂಗದಲ್ಲಿ ಏನೇನು ಅಡಗಿದೆಯೆಂಬುದನ್ನು ತಿಳಿಸುವ ಗಣಿತ ಫ್ರಾನ್ಸಿನ ಜೋಸೆಫ್ ಫೂರಿಯೆಯದು. ಎಂಥ ಆವರ್ತಕ ತರಂಗವನ್ನಾದರೂ ಸೈನ್ ತರಂಗಗಳ ಮೊತ್ತವಾಗಿ ಬಿಡಿಸಬಹುದೆಂಬ ವಿಧಾನವನ್ನು ಅವನು ೧೮೨೨ರ ತನ್ನ ಗ್ರಂಥದಲ್ಲಿ ಬೆಳೆಸಿದನು. ಆ ಗ್ರಂಥದ ವಿಷಯ ಶಾಖದ ಪ್ರಸಾರವೆಂಬುದು ನಮ್ಮ ಪ್ರಸಂಗಕ್ಕೆ ತಕ್ಕ ಕಾಕತಾಳೀಯ! ಸೆಕೆಂಡಿಗೆ ೧,೦೦೦ ಕಂಪನಗಳ ಚೌಕ ತರಂಗವನ್ನು ಬಿಡಿಸಿದರೆ ೧,೦೦೦ದ ಮೂಲಸ್ವರದೊಡನೆ ೩,೦೦೦, ೫,೦೦೦, ೭,೦೦೦ ಮೊದಲಾದ ಉಪಸ್ವರಗಳು ದೊರೆಯುತ್ತವೆ. ಒಟ್ಟು ಶಕ್ತಿಯಲ್ಲಿ ಮೂಲಸ್ವರದ ಪಾಲು ನೂರಕ್ಕೆ ೮೧. ಮೂರನೆಯದು ಅದರ ಒಂಬತ್ತನೆಯ ಒಂದು, ಐದನೆಯದು ಇಪ್ಪತ್ತೈದನೆಯ ಒಂದು, ಹೀಗೆ ಇಳಿಯುತ್ತ ಉಪಸ್ವರಗಳೆಲ್ಲ ಸೇರಿ ನೂರಕ್ಕೆ ೧೯. ನಮ್ಮ ೧೦೦ ವಾಟಿನಲ್ಲಿ ಇದು ೧೯ ವಾಟ್. ಗಾಯಕ ಹಾಡದ, ವಾದ್ಯ ನುಡಿಸದ ಈ ತಾರಸ್ವರಗಳನ್ನು ವರ್ಧಕವೇ ಸೃಷ್ಟಿಸಿದೆ. ಕ್ರಾಸ್‌ಓವರಿಗೆ ಇದೇನೂ ತಿಳಿಯದು. ಅದು ತನ್ನ ನಿಯಮದಂತೆ ಅವನ್ನು ಟ್ವೀಟರಿಗೆ ಕಳಿಸುತ್ತದೆ.

ನಿಜವಾದ ಸಂಗೀತ ಪೂರ್ಣ ಚೌಕ ತರಂಗವಾಗುವುದು ಅಪರೂಪವೆಂಬುದನ್ನು ಒಪ್ಪಬೇಕು. ಅಲ್ಲಿ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ಡೋಲಿನ ಪೆಟ್ಟು ಮಿತಿಗೆ ತಾಗಿ ನಿಂತುಬಿಟ್ಟರೂ, ಅದಕ್ಕಿಂತ ತಗ್ಗಿನಲ್ಲಿರುವ ತಾಳದ ಝಣತ್ಕಾರವು ಗುಂಡಿ ತಿರುಗಿದಂತೆಲ್ಲ ಏರುತ್ತಲೇ ಹೋಗುತ್ತದೆ. ಗುಂಡಿಯು ಸಂಕೇತವನ್ನು ೧೦ ಡೆಸಿಬೆಲ್ ಹೆಚ್ಚಿಸಿದರೆ ಪೆಟ್ಟುಗಳ ನಡುವಿನ ಝಣತ್ಕಾರಕ್ಕೆ ಹತ್ತರಷ್ಟು ಸಾಮರ್ಥ್ಯ ದೊರೆಯುತ್ತದೆ. ವೂಫರಿನ ಪಾಲು ಅಷ್ಟಾಗಿ ಏರದೆ ಟ್ವೀಟರಿನ ಪಾಲು ಬಹಳವಾಗಿ ಏರುವುದು ಈ ಕಾರಣದಿಂದ.

ಶಿಖರ ಚಪ್ಪಟೆಯಾದಾಗ ಅದು ಬ್ಯಾಟರಿಯ ವಿದ್ಯುತ್ತಿನಂತೆ ನೇರ ಪ್ರವಾಹವಾಗುತ್ತದೆ, ಸ್ಪೀಕರು ಸುಡುವುದು ಅದರಿಂದ, ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಆ ಚಪ್ಪಟೆ ಭಾಗವಿರುವುದು ಸೆಕೆಂಡಿನ ಅಲ್ಪಾಂಶ ಕಾಲ. ಕೂಡಲೆ ಎದುರು ದಿಕ್ಕಿನ ಚಪ್ಪಟೆ ಬಂದು ಅದನ್ನು ಸರಿದೂಗಿಸುತ್ತದೆ. ಮೇಲಾಗಿ ಟ್ವೀಟರಿನ ಮುಂದಿರುವ ಧಾರಕವು ನೇರ ಪ್ರವಾಹವನ್ನು ಒಳಕ್ಕೆ ಬಿಡುವುದೇ ಇಲ್ಲ. ವರ್ಧಕದ ಟ್ರಾನ್ಸಿಸ್ಟರೊಂದು ಕೆಟ್ಟು, ಸರಬರಾಜಿನ ವೋಲ್ಟೇಜು ನೇರವಾಗಿ ಸ್ಪೀಕರಿಗೆ ಹರಿದರೆ ಮಾತು ಬೇರೆ. ಆಗ ೪೦ ವೋಲ್ಟ್ ೬ ಓಮ್ ತಂತಿಗೆ ಬಿದ್ದು ಸುಮಾರು ೨೬೭ ವಾಟ್ ಶಾಖವೆದ್ದು ವೂಫರೇ ಸುಡುತ್ತದೆ. ಒಳ್ಳೆಯ ವರ್ಧಕಗಳಲ್ಲಿ ಇದನ್ನು ತಡೆಯುವ ರಕ್ಷಣಾಮಂಡಲವಿರುತ್ತದೆ.

ಹಾಗಿದ್ದರೆ ದೊಡ್ಡ ವರ್ಧಕ ನಿರಪಾಯವೆ? ನಲ್ಲಿಯ ಹಿಂದಿನ ತೊಟ್ಟಿ ದೊಡ್ಡದಾದ ಮಾತ್ರಕ್ಕೆ ಕೆಳಗಿನ ಕೊಡ ಒಡೆಯುವುದಿಲ್ಲ. ನಲ್ಲಿಯನ್ನು ಎಷ್ಟು ತೆರೆದೆವೆಂಬುದೇ ಮುಖ್ಯ. ಆದರೂ ಅಪಾಯವಿಲ್ಲದೆ ಇಲ್ಲ. ಮೈಕು ಕೈಜಾರಿ ಬಿದ್ದಾಗ, ವರ್ಧಕ ನಡೆಯುತ್ತಿರುವಾಗಲೇ ಯಾರೋ ಪಿನ್ನು ಕಿತ್ತಾಗ, ಮೈಕು ಸ್ಪೀಕರಿನ ಎದುರಿಗೆ ಬಂದು ಕಿರುಚಾಟ ಎದ್ದಾಗ, ದೊಡ್ಡ ವರ್ಧಕ ತನ್ನ ಪೂರ್ಣ ಬಲವನ್ನು ತೋರಿಸಿಬಿಡುತ್ತದೆ. ಮಂದ್ರಸ್ವರಗಳಲ್ಲಿ ಶಾಖಕ್ಕಿಂತ ಮೊದಲು ಚಲನೆಯೇ ಮಿತಿಮೀರಬಹುದು. ಒಂದೇ ಮಟ್ಟದ ಸದ್ದಿಗೆ ಸ್ವರವು ಒಂದು ಸ್ಥಾಯಿ ಇಳಿದರೆ ಶಂಕುವಿನ ಓಡಾಟ ನಾಲ್ಕರಷ್ಟಾಗಬೇಕು. ಸುರುಳಿ ಸಂದಿನ ತಳಕ್ಕೆ ಬಡಿದು 'ಟಪ್' ಎಂಬ ಸದ್ದು ಕೇಳಿದರೆ ಆ ಕ್ಷಣವೇ ಇಳಿಸಬೇಕು.

ಇಷ್ಟನ್ನು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಸ್ಪೀಕರಿನ ನಿರಂತರ ಸಾಮರ್ಥ್ಯಕ್ಕೆ ಸಮನಾದ ವರ್ಧಕದಿಂದ ಅದರ ಎರಡರಷ್ಟು ಸಾಮರ್ಥ್ಯದ ವರ್ಧಕದವರೆಗೆ ಯಾವುದಾದರೂ ಸಲ್ಲುತ್ತದೆ. ಭಾಷಣಕ್ಕಷ್ಟೇ ಬೇಕಾದರೆ ಸಮನಾದದ್ದು ಸಾಕು. ಏರಿಳಿತ ಹೆಚ್ಚಾದ ಸಂಗೀತಕ್ಕೆ, ಗುಂಡಿಯ ಮುಂದೆ ವಿವೇಕಿಯೊಬ್ಬ ಕುಳಿತಿರುವುದಾದರೆ, ಎರಡರಷ್ಟು ಮೇಲು. ಶಿಖರಗಳಿಗೆ ತಲೆಯೆತ್ತಲು ಎಡೆ ಸಿಗುತ್ತದೆ. ಯಾರು ಬೇಕಾದರೂ ಬಂದು ಗುಂಡಿ ತಿರುಗಿಸುವ ಸಭಾಂಗಣದಲ್ಲಿ ನಾವಾದರೆ ಸಮನಾದದ್ದನ್ನೇ ತೆಗೆದುಕೊಂಡು, ಅದರೊಡನೆ ಲಿಮಿಟರ್ ಎಂಬ ಮಿತಿಕಾರಕವನ್ನು ಜೋಡಿಸುತ್ತೇವೆ. ವರ್ಧಕದ ಮುಖದ ಮೇಲೆ 'ಕ್ಲಿಪ್' ಎಂಬ ಕೆಂಪು ದೀಪವಿದ್ದರೆ ಅದು ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಚಿಂತೆಯಿಲ್ಲ, ಉರಿಯುತ್ತಲೇ ಇದ್ದರೆ ಸ್ಪೀಕರಿನ ಆಯುಸ್ಸು ಕರಗುತ್ತಿದೆ.

ಸದ್ದು ಸಾಲದೆಂದು ತೋರಿದಾಗ ವಾಟುಗಳನ್ನು ಹೆಚ್ಚಿಸುವುದು ಬಹಳ ದುಬಾರಿಯ ದಾರಿ. ನಮ್ಮ ಕಿವಿಯ ಎಣಿಕೆ ಲಘುಗಣಕದ ರೀತಿಯದು. ೫೦ ವಾಟನ್ನು ೧೦೦ಕ್ಕೆ ಏರಿಸಿದರೆ ಹೆಚ್ಚುವುದು ೩ ಡೆಸಿಬೆಲ್. ಕೇಳುವವರಿಗೆ ಅದು ಸ್ವಲ್ಪವೇ ಹೆಚ್ಚಿದಂತೆ ತೋರುತ್ತದೆ. ಸುರುಳಿಯಲ್ಲಾದರೋ ಶಾಖ ಇಮ್ಮಡಿಯಾಗಿರುತ್ತದೆ. ಸದ್ದು ಎರಡರಷ್ಟಾಯಿತೆಂದು ಕಿವಿಗೆ ಅನ್ನಿಸಲು ಸುಮಾರು ಹತ್ತರಷ್ಟು ವಾಟುಗಳು ಬೇಕು. ಇದಕ್ಕೆ ಬದಲಾಗಿ ಸ್ಪೀಕರಿನ ಸೂಕ್ಷ್ಮತೆಯನ್ನು, ಎಂದರೆ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಅದು ಕೊಡುವ ಡೆಸಿಬೆಲ್‌ಗಳನ್ನು, ನೋಡುವುದು ಜಾಣತನ. ೮೭ ಡೆಸಿಬೆಲ್‌ನ ಸ್ಪೀಕರು ೧೦೦ ವಾಟಿನಿಂದ ಮಾಡುವ ಕೆಲಸವನ್ನು ೯೩ ಡೆಸಿಬೆಲ್‌ನದು ೨೫ ವಾಟಿನಿಂದಲೇ ಮಾಡುತ್ತದೆ. ಬಯಲಿನಲ್ಲಿ ಸ್ಪೀಕರಿನ ದೂರವನ್ನು ಅರ್ಧಕ್ಕೆ ಇಳಿಸಿದರೆ ಖರ್ಚಿಲ್ಲದೆ ೬ ಡೆಸಿಬೆಲ್ ದೊರೆಯುತ್ತದೆ.

ಓಮ್‌ಗಳ ವಿಚಾರವನ್ನೂ ಎರಡು ಮಾತಿನಲ್ಲಿ ಹೇಳಬೇಕು. ೮ ಓಮ್‌ಗಳ ಎರಡು ಸ್ಪೀಕರುಗಳನ್ನು ಸಮಾನಾಂತರವಾಗಿ ಜೋಡಿಸಿದರೆ ೪ ಓಮ್, ನಾಲ್ಕನ್ನು ಜೋಡಿಸಿದರೆ ೨ ಓಮ್. ವರ್ಧಕದ ಮೇಲೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗಿಳಿದರೆ ಪ್ರವಾಹ ಅತಿಯಾಗಿ ವರ್ಧಕವೇ ಕೆಡುತ್ತದೆ. ಆಂತರಿಕ ರೋಧವೂ ಹೊರಗಿನ ರೋಧವೂ ಸಮನಾದಾಗ ಗರಿಷ್ಠ ಸಾಮರ್ಥ್ಯ ವರ್ಗವಾಗುತ್ತದೆಂದು ತರಗತಿಯಲ್ಲಿ ಕಲಿತ ವಿದ್ಯಾರ್ಥಿಗಳು ಅದನ್ನು ಇಲ್ಲಿಗೂ ಅನ್ವಯಿಸಹೊರಡುತ್ತಾರೆ. ವಾಲ್ವುಗಳ ಕಾಲದಲ್ಲಿ ಸ್ಪೀಕರನ್ನು ವಾಲ್ವಿಗೆ ಹೊಂದಿಸುವುದು ನಿಜವಾಗಿ ಅಗತ್ಯವಾಗಿತ್ತು. ೫,೦೦೦ ಓಮ್ ಬೇಡುವ ವಾಲ್ವಿಗೆ ೮ ಓಮ್ ಸ್ಪೀಕರನ್ನು ಜೋಡಿಸಲು ೨೫ಕ್ಕೆ ೧ ಸುತ್ತುಗಳ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತಿತ್ತು. ಇಂದಿನ ಟ್ರಾನ್ಸಿಸ್ಟರ್ ವರ್ಧಕದ ಆಂತರಿಕ ರೋಧ ಒಂದು ಓಮ್‌ನ ಅಲ್ಪಾಂಶ. ಅದಕ್ಕೆ ಸಮನಾದ ಸ್ಪೀಕರನ್ನು ಹುಡುಕುವುದೆಂದರೆ ವರ್ಧಕವನ್ನು ಲಘುಮಂಡಲಕ್ಕೆ ಗುರಿಮಾಡಿದಂತೆ.

ಅಂಗಡಿಗಳಲ್ಲಿ ಕೆಲವು ಪುಟ್ಟ ಯಂತ್ರಗಳ ಮೇಲೆ 'ಪಿ.ಎಂ.ಪಿ.ಓ.' ಎಂಬ ಅಕ್ಷರಗಳೊಡನೆ ಸಾವಿರಾರು ವಾಟುಗಳನ್ನು ಮುದ್ರಿಸಿರುತ್ತಾರೆ. ಆ ಅಂಕೆಗೆ ಯಾವ ಪ್ರಮಾಣವೂ ಇಲ್ಲ. ಯಂತ್ರದ ಬೆನ್ನು ತಿರುಗಿಸಿ, ಗೋಡೆಯ ವಿದ್ಯುತ್ತಿನಿಂದ ಅದು ಎಷ್ಟು ವಾಟ್ ಸೆಳೆಯುತ್ತದೆಂಬುದನ್ನು ಓದಿರಿ. ೪೦ ವಾಟ್ ಸೆಳೆದು ೪೦೦ ವಾಟನ್ನು ನಿರಂತರವಾಗಿ ಕೊಡುವ ಯಂತ್ರವಿದ್ದರೆ ಶಕ್ತಿನಿತ್ಯತಾ ನಿಯಮವನ್ನು ಪಠ್ಯಪುಸ್ತಕದಿಂದ ತೆಗೆದುಹಾಕಬೇಕಾದೀತು.

ಸುರುಳಿ ಎಷ್ಟು ಬಿಸಿಯಾಗಿದೆಯೆಂಬುದನ್ನು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಸುರುಳಿಯೇ ಉಷ್ಣತಾಮಾಪಕವೂ ಆಗಿದೆ. ತಾಮ್ರದ ರೋಧವು ಒಂದು ಡಿಗ್ರಿ ಸೆಲ್ಸಿಯಸಿಗೆ ನೂರಕ್ಕೆ ೦.೩೯ರಂತೆ ಏರುತ್ತದೆ. ಉಷ್ಣತೆ ೨೦ ಡಿಗ್ರಿಯಿಂದ ೨೦೦ ಡಿಗ್ರಿಗೆ ಹೋದರೆ ರೋಧ ಒಂದಕ್ಕೆ ೧.೭ರಷ್ಟಾಗಿ, ಅದೇ ವೋಲ್ಟೇಜಿಗೆ ಸ್ಪೀಕರು ಸೆಳೆಯುವ ಸಾಮರ್ಥ್ಯ ನೂರಕ್ಕೆ ೬೦ರ ಸಮೀಪಕ್ಕೆ ಇಳಿಯುತ್ತದೆ. ಕಾರ್ಯಕ್ರಮದ ಕೊನೆಯಲ್ಲಿ ಸದ್ದು ಕುಗ್ಗಿದಂತೆ ತೋರುವುದಕ್ಕೆ ಇದೂ ಒಂದು ಕಾರಣ. ಆಗ ಗುಂಡಿ ತಿರುಗಿಸುವುದು ಉರಿಗೆ ತುಪ್ಪ ಸುರಿದಂತೆ.

ಪ್ರಯೋಗಕ್ಕೆ ಒಂದೇ ವೂಫರಿರುವ ಹಳೆಯ ಪೆಟ್ಟಿಗೆಯೂ ಮಲ್ಟಿಮೀಟರೂ ಸಾಕು. ಮೀಟರಿನ ಎರಡು ತಂತಿಗಳನ್ನು ಪರಸ್ಪರ ಮುಟ್ಟಿಸಿ ಅವುಗಳ ರೋಧವನ್ನು ಗುರುತಿಸಿಕೊಂಡು ಎಲ್ಲ ಅಳತೆಗಳಿಂದಲೂ ಕಳೆಯಬೇಕು. ನುಡಿಸುವ ಮೊದಲು ಸುರುಳಿಯ ರೋಧವನ್ನು ಓದಿರಿ. ಅರ್ಧ ಗಂಟೆ ನುಡಿಸಿ, ವರ್ಧಕವನ್ನು ಆರಿಸಿ, ಸ್ಪೀಕರಿನ ತಂತಿಗಳನ್ನು ಅದರಿಂದ ಬಿಡಿಸಿದ ಮೇಲೆಯೇ ಮೀಟರನ್ನು ಹಚ್ಚಿರಿ. ಮೊದಲು ೬.೨ ಓಮ್ ಇದ್ದದ್ದು ಈಗ ೭.೪ ಆಗಿದ್ದರೆ ಸುರುಳಿ ಸುಮಾರು ೫೦ ಡಿಗ್ರಿ ಬಿಸಿಯಾಗಿದೆ. ಸುರುಳಿ ಬಹುಬೇಗ ತಣಿಯುವುದರಿಂದ ೫, ೧೦, ೨೦, ೪೦ ಸೆಕೆಂಡುಗಳಲ್ಲಿಯೂ, ಆಮೇಲೆ ನಿಮಿಷಕ್ಕೊಮ್ಮೆಯೂ ಓದಿ, ಹೆಚ್ಚಿದ ಉಷ್ಣತೆಯ ಲಘುಗಣಕವನ್ನು ಕಾಲಕ್ಕೆ ಎದುರಾಗಿ ನಕ್ಷೆ ಬರೆಯಿರಿ. ನ್ಯೂಟನ್ನನ ನಿಯಮದಂತೆ ಒಂದೇ ಸರಳರೇಖೆ ಬರಬೇಕೆಂದು ನಿರೀಕ್ಷಿಸುವವರಿಗೆ ನಡುವೆ ಬಾಗಿದ ಗೆರೆ ಕಾಣಿಸುತ್ತದೆ. ಕಡಿದಾದ ಮೊದಲ ಭಾಗವು ಸುರುಳಿಯು ಅಯಸ್ಕಾಂತಕ್ಕೆ ಶಾಖ ಕೊಡುತ್ತಿರುವುದನ್ನೂ, ಇಳಿಜಾರಾದ ಎರಡನೆಯ ಭಾಗವು ಅಯಸ್ಕಾಂತವು ಗಾಳಿಗೆ ಶಾಖ ಕೊಡುತ್ತಿರುವುದನ್ನೂ ತೋರಿಸುತ್ತವೆ. ಮೊದಲ ಭಾಗವನ್ನು ಹಿಂದಕ್ಕೆ, ಕಾಲ ಸೊನ್ನೆಯ ತನಕ ಎಳೆದರೆ ವರ್ಧಕವನ್ನು ಆರಿಸಿದ ಕ್ಷಣದಲ್ಲಿ ಸುರುಳಿಗಿದ್ದ ಉಷ್ಣತೆ ದೊರೆಯುತ್ತದೆ.